ಬಾನೆಟ್ಟಿನ ಮೇಲಿನ ಎರಡು ತೂತು

ಕಾರಿನ ಮುಂದಿನ ಗಾಜಿಗೆ ನೀರು ಚಿಮ್ಮಿಸುತ್ತವಲ್ಲ, ಬಾನೆಟ್ಟಿನ ಮೇಲೆ ವೈಪರಿನ ಬುಡದ ಹತ್ತಿರ ಹುರಿಗಡಲೆ ಗಾತ್ರದ ಎರಡು ಕರೀ ಗುಬುಟುಗಳು, ಅವಕ್ಕೆ ಏನೆನ್ನುತ್ತಾರೆಂದು ನಿಮಗೆ ಗೊತ್ತೇ? ಗೊತ್ತಿದ್ದರೆ ನೀವು ನನಗಿಂತ ಜಾಣರು. ನನಗೆ ಐವತ್ತೈದು ದಾಟುವವರೆಗೆ ಅವು ಇರುವುದು ನೀರು ಚಿಮ್ಮಿಸಲು ಎಂಬುದೇ ಗೊತ್ತಿರಲಿಲ್ಲ. ಎಡಗಡೆ ಸೀಟಿನಲ್ಲಿ ಕೂತು ಹೋಗುವವನಿಗೆ ಕಾರೆಂದರೆ ಒಂದು ಕಿಟಕಿ, ಒಂದು ಬೆಲ್ಟು, ಕಾಲಡಿಯಲ್ಲಿ ತರಕಾರಿ ಚೀಲ. ಸ್ಟೇರಿಂಗಿನ ಪಕ್ಕದ ಕಡ್ಡಿ ಎಳೆದರೆ ಗಾಜಿನ ಮೇಲೆ ನೀರು ಬೀಳುತ್ತದೆ, ವೈಪರು ಒರೆಸುತ್ತದೆ, ನಾವು ಮುಂದೆ ಹೋಗುತ್ತೇವೆ. ಆ ನೀರನ್ನು ತುಂಬುವವರು ಯಾರು ಎಂದು ನಾನು ಒಂದು ದಿನವೂ ಕೇಳಿದವನಲ್ಲ.

ಮೊನ್ನೆ ವಿಜಯದಶಮಿ ಕಳೆದ ಮೇಲಿನ ಭಾನುವಾರ ಕೇಳಲೇಬೇಕಾಯಿತು. ಸಣ್ಣಗೆ ಮಳೆ ಹನಿದು ನಿಂತಿತ್ತು. ಮಾಗಡಿ ರೋಡಿನಲ್ಲಿ ಒಂದು ಲಾರಿ ಗುಂಡಿಗೆ ಇಳಿದು ಎದ್ದು, ಆ ಗುಂಡಿಯಲ್ಲಿದ್ದುದನ್ನೆಲ್ಲ ನನ್ನ ಗಾಜಿಗೆ ದಾನಮಾಡಿ ಹೋಯಿತು. ಕಡ್ಡಿ ಎಳೆದೆ. ಒಳಗೆಲ್ಲೋ ‘ಗುರ್’ ಎಂದು ಸದ್ದಾಯಿತು. ಹಾಲು ಕುಡಿದು ಮಲಗಿದ ಕೂಸಿನ ಕಟಬಾಯಿಯಿಂದ ಜೊಲ್ಲು ಇಳಿಯುವ ಹಾಗೆ ನಾಲ್ಕು ಹನಿ ನೀರು ಬಾನೆಟ್ಟಿನ ಮೇಲೆ ಹರಿದು ಅಲ್ಲೇ ನಿಂತಿತು. ವೈಪರು ಮಾತ್ರ ಕರ್ತವ್ಯ ಬಿಡದೆ ಕೆಸರನ್ನು ಗಾಜಿನ ತುಂಬ ನೀಟಾಗಿ ಬಳಿಯಿತು. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, ಆಮೆಯ ಹಾಗೆ ಓಡಿಸಿಕೊಂಡು ಬಂದೆ. ಪಕ್ಕದಲ್ಲಿ ಬಂದ ಆಟೋದವನು, “ಅಂಕಲ್, ಗಾಜು ಒರೆಸ್ಕೊಳ್ಳಿ, ತಲೆ ಒಳಗಿಟ್ಕೊಳ್ಳಿ! ಯಾವನಾದ್ರೂ ಎತ್ಕೊಂಡ್ ಹೋದಾನು!” ಎಂದು ಕೂಗಿದ. ಬಸವೇಶ್ವರನಗರದ ನಮ್ಮ ಮನೆ ಮುಟ್ಟುವ ಹೊತ್ತಿಗೆ ನನ್ನ ಬಲಗೆನ್ನೆಯ ಮೇಲೂ ಒಂದಷ್ಟು ಕೆಸರಿತ್ತು.

ಚಪ್ಪಲಿ ಕೂಡ ಬಿಡದೆ ಅಕ್ಕನಿಗೆ ಫೋನ್ ಮಾಡಿದೆ.

“ಅಯ್ಯೋ ನಿನ್ನ ಮುಖಕ್ಕೆ! ಅದಕ್ಕೆ ನೀರು ತುಂಬಿಸಿದೀಯೇನೋ?”

“ಯಾವುದಕ್ಕೆ?”

“ಯಾವುದಕ್ಕಂತೆ! ನನ್ನ ತಲೆಗೆ! ಬಾನೆಟ್ ಎತ್ತು, ಒಂದು ನೀಲಿ ಮುಚ್ಚಳ ಇದೆ ನೋಡು. ಅದನ್ನ ತೆಗೆದು ನೀರು ಹಾಕು. ಬೋರ್ ನೀರು ಹಾಕ್ಬೇಡ, ಉಪ್ಪು ಕಟ್ಟುತ್ತೆ. ಕಾವೇರಿ ನೀರು ಹಾಕು.”

ಹಾಕಿದೆ. ಮತ್ತೆ ಅದೇ ಜೊಲ್ಲು. ನಿಜ ಹೇಳಬೇಕೆಂದರೆ ನನಗೆ ಅದರಿಂದ ಬೇಸರವಾಗಲಿಲ್ಲ. ನಾಳೆಯೂ ಫೋನ್ ಮಾಡಲು ಒಂದು ಕಾರಣ ಸಿಕ್ಕಿತ್ತು.

ಈಗ ಅಕ್ಕನ ವಿಷಯ ಹೇಳಬೇಕು. ನಾನೂ ಅಕ್ಕನೂ ಮದುವೆಯಾಗದೆ ಒಂದೇ ಮನೆಯಲ್ಲಿ ಮುದುಕರಾದವರು. ಯಾಕೆ ಆಗಲಿಲ್ಲ ಎಂದು ನೆಂಟರೆಲ್ಲ ಕೇಳಿ ಕೇಳಿ ಸುಸ್ತಾಗಿದ್ದಾರೆ, ನೀವೂ ಕೇಳಬೇಡಿ. ಮೊದಲು ಅಪ್ಪನ ಕಾಯಿಲೆ, ಆಮೇಲೆ ಅಮ್ಮನ ಕಾಯಿಲೆ, ಆಮೇಲೆ ಅಭ್ಯಾಸ. ಅಕ್ಕ ವಿಮೆ ಆಫೀಸಿನಲ್ಲಿ ಕೆಲಸ ಮಾಡಿ ನಿವೃತ್ತಳಾದಳು. ನಾನು ಇಂದಿಗೂ ಒಂದು ಔಷಧಿ ಕಂಪನಿಯ ಗೋಡೌನಿನಲ್ಲಿ ಮೇಲ್ವಿಚಾರಕ. ಕಾರು ಅಕ್ಕನದು, ಓಡಿಸುತ್ತಿದ್ದುದೂ ಅಕ್ಕ, ‘ಎಡಗಡೆ ಯಾರಾದ್ರೂ ಬರ್ತಿದಾರಾ ನೋಡು’ ಎಂದಾಗ ನೋಡಿ ಹೇಳುತ್ತಿದ್ದುದು ನಾನು. ಎಷ್ಟೋ ಸಲ ನಾನು ನೋಡದೆಯೇ ‘ಇಲ್ಲ’ ಎಂದಿದ್ದೇನೆ. ಬಸವಣ್ಣನ ದಯೆ, ಇಬ್ಬರೂ ಉಳಿದುಕೊಂಡಿದ್ದೇವೆ.

ಹೋದ ವರ್ಷ ಅಕ್ಕ ಕಾಶಿ ಯಾತ್ರೆಗೆ ಹೋದಳು. ಬಸ್ಸು ಹೊರಡುವಾಗಲೆಲ್ಲ ಚಹಾ ಕುಡಿಯುತ್ತ ತಡಮಾಡುತ್ತಿದ್ದ ಒಬ್ಬ ಹಿರಿಯರಿಗೆ ಅವಳು ಎಲ್ಲರೆದುರು ಚೆನ್ನಾಗಿ ಬೈದಳಂತೆ. ಅವರು ಹಾವೇರಿಯವರು, ಕಾಲೇಜಿನ ಪ್ರಿನ್ಸಿಪಾಲರಾಗಿ ನಿವೃತ್ತರಾದವರು, ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು, ಮನೆ ತುಂಬ ಮಕ್ಕಳು ಮೊಮ್ಮಕ್ಕಳು. ಬೈಸಿಕೊಂಡ ಮೇಲೆ ಅವರು ಅಕ್ಕನಿಗೂ ಒಂದು ಚಹಾ ತಂದುಕೊಟ್ಟರಂತೆ. ಇಷ್ಟು ಸಾಲದೇ? ಒಂದು ಸಂಜೆ ಉಪ್ಪಿಟ್ಟು ತಿನ್ನುತ್ತಿರುವಾಗ ಅಕ್ಕ ತಟ್ಟೆಯನ್ನೇ ನೋಡುತ್ತ, “ಶಿವು, ನಾನು ಮದುವೆ ಮಾಡ್ಕೊಳ್ಳೋಣ ಅಂತಿದೀನಿ ಕಣೋ,” ಎಂದಳು.

ಇಂಥ ಹೊತ್ತಿನಲ್ಲಿ ತಮ್ಮನಾದವನು ಏನಾದರೂ ದೊಡ್ಡ ಮಾತು ಆಡಬೇಕು. ನನ್ನ ಬಾಯಿಂದ ಬಂದದ್ದು, “ಹಾಗಾದ್ರೆ ಕಾರು?”

ಅಕ್ಕ ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನಾನೂ ನಕ್ಕೆ. ಆ ರಾತ್ರಿ ಹಾಸಿಗೆಯಲ್ಲಿ ಮಾತ್ರ ನನಗೆ ನಗು ಬರಲಿಲ್ಲ.

ಮದುವೆ ವೈಶಾಖದಲ್ಲಿ, ವಿಜಯನಗರದ ಒಂದು ಸಣ್ಣ ಹಾಲಿನಲ್ಲಿ ಆಯಿತು. ಹೆಣ್ಣಿನ ಕಡೆಯ ಯಜಮಾನ ನಾನೇ, ಬಾಗಿಲಲ್ಲಿ ನಿಂತು ಬೀಗರ ಮೇಲೆ ಪನ್ನೀರು ಚಿಮುಕಿಸುವವನೂ ನಾನೇ. ಅಮ್ಮನ ಬೆಳ್ಳಿಯ ಪನ್ನೀರುದಾನಿಯನ್ನು ಅಟ್ಟದಿಂದ ಇಳಿಸಿ, ಹೊರಮೈಯನ್ನು ಹುಣಸೆಹಣ್ಣಿನಲ್ಲಿ ಫಳಫಳ ತಿಕ್ಕಿಟ್ಟಿದ್ದೆ. ತುದಿಯ ಸಣ್ಣ ತೂತುಗಳನ್ನು ನೋಡುವ ಬುದ್ಧಿ ಬರಲಿಲ್ಲ. ಬೀಗರು ಬಂದು ನಿಂತಿದ್ದಾರೆ, ನಾನು ಅಲ್ಲಾಡಿಸುತ್ತೇನೆ, ಒಂದು ಹನಿ ಇಲ್ಲ. ಇನ್ನಷ್ಟು ಜೋರಾಗಿ ಅಲ್ಲಾಡಿಸಿದೆ. ಮುಚ್ಚಳವೇ ಕಿತ್ತುಬಂದು ಇಡೀ ಪನ್ನೀರು ಭಾವನ ಅಣ್ಣನವರ ರೇಷ್ಮೆ ರುಮಾಲಿನ ಮೇಲೆ ಸುರಿಯಿತು. ಆ ದೊಡ್ಡ ಮನುಷ್ಯರು ಮೀಸೆ ಒರೆಸಿಕೊಳ್ಳುತ್ತ, “ಇರ್ಲಿ ಬಿಡ್ರಿ, ಬ್ಯಾಸಗಿ ಐತಿ, ತಂಪಾತು,” ಎಂದರು. ಅಕ್ಕ ಮಂಟಪದಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಅಷ್ಟು ಒಳ್ಳೆಯ ಮನೆ ಅದು.

ಮನೆಯಲ್ಲಿ ಸಾವಾದರೆ ಮಾತಾಡಿಸಲು ಜನ ಬರುತ್ತಾರೆ. ಮದುವೆಯಾದರೆ ಊಟಕ್ಕೆ ಬಂದು, ಕೈ ತೊಳೆದುಕೊಂಡು ಹೋಗುತ್ತಾರೆ. ಮಗಳನ್ನು ಕಳಿಸಿಕೊಟ್ಟ ತಾಯಿಗಾದರೆ ‘ಪಾಪ’ ಎನ್ನುವ ಪದ್ಧತಿ ಇದೆ. ಅಕ್ಕನನ್ನು ಕಳಿಸಿಕೊಟ್ಟ ನರೆಗೂದಲಿನ ತಮ್ಮನಿಗೆ ಏನನ್ನಬೇಕೆಂದು ಯಾರಿಗೂ ತಿಳಿಯಲಿಲ್ಲ. ಹಾಗಾಗಿ ಯಾರೂ ಏನೂ ಅನ್ನಲಿಲ್ಲ. ನಾನೂ ಎಲ್ಲರ ಹತ್ತಿರ ‘ತುಂಬಾ ಸಂತೋಷ, ತುಂಬಾ ಸಂತೋಷ’ ಎಂದು ಹೇಳಿಕೊಂಡು ತಿರುಗಿದೆ. ಸಂತೋಷ ಇದ್ದದ್ದೂ ನಿಜವೇ. ಮನೆಗೆ ಬಂದು ಬೀಗ ತೆಗೆದಾಗ ಒಳಗಿನಿಂದ ‘ಯಾರದು?’ ಎಂದು ಯಾರೂ ಕೇಳದಿರುವುದು ಅದಕ್ಕಿಂತ ನಿಜವಾಗಿತ್ತು.

ನಮ್ಮ ಹಿರಿಯರು ಚಿತ್ರದುರ್ಗದ ಕಡೆಯವರು. ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮಲ್ಲಿ ನಡೆದುಬಂದದ್ದು. ಈ ವಯಸ್ಸಿನಲ್ಲಿ ನಾನು ಒಬ್ಬಳ ತವರುಮನೆಯಾಗಿದ್ದೆ! ತವರೆಂದರೆ ತಾಯಿ ಇರಬೇಕು, ಅತ್ತಿಗೆ ಇರಬೇಕು, ಅಂಗಳದಲ್ಲಿ ಮಕ್ಕಳಿರಬೇಕು. ಅಕ್ಕನ ತವರಿನಲ್ಲಿ ನಾನೊಬ್ಬ, ಒಂದು ಮಿಕ್ಸಿ, ಬಾಲ್ಕನಿಯಲ್ಲಿ ದೊಡ್ಡಪತ್ರೆಯ ಒಂದು ಕುಂಡ. ಆದರೂ ಕರೆದೆ. “ಇಲ್ಲಿ ನಾಗಪ್ಪನಿಗೆ ಹಾಲೆರೆಯೋಕೆ ಎಲ್ಲಾ ಸೇರ್ತಾರೆ ಕಣೋ, ಹೊಸಬಳು ನಾನೇ ಇಲ್ಲದಿದ್ರೆ ಚೆನ್ನಾಗಿರುತ್ತಾ?” ಎಂದಳು. ಗೌರಿ ಹಬ್ಬಕ್ಕೆ ಕರೆದೆ. ಮಂಡಿ ನೋವು, ಬಸ್ಸಿನಲ್ಲಿ ಅಷ್ಟು ಹೊತ್ತು ಕೂರಲಾಗುವುದಿಲ್ಲ ಎಂದಳು. ಈಗ ದೀಪಾವಳಿ ಬಾಗಿಲಲ್ಲಿತ್ತು. ಮದುವೆಯಾದ ಮೊದಲ ದೀಪಾವಳಿಗೆ ಮಗಳನ್ನೂ ಅಳಿಯನನ್ನೂ ಕರೆದು, ಎಣ್ಣೆ ಹಚ್ಚಿ ನೀರೆರೆದು, ಹೊಸ ಬಟ್ಟೆ ಕೊಡದ ತವರು ಉಂಟೇ? ಇದಕ್ಕೆ ಅವಳು ಬರಲೇಬೇಕು. ಬಸ್ಸು ಬೇಡ, ನಾನೇ ಕಾರು ತೆಗೆದುಕೊಂಡು ಹಾವೇರಿಗೆ ಹೋಗಿ ಕರೆದುಕೊಂಡು ಬರುತ್ತೇನೆ ಎಂದು ಮನಸ್ಸಿನಲ್ಲೇ ಎಲ್ಲ ತೀರ್ಮಾನವಾಗಿತ್ತು.

ಕೇಳುವುದೊಂದು ಬಾಕಿ ಇತ್ತು. ಕೇಳಲು ಹೆದರಿಕೆ. ಇದಕ್ಕೂ ಅವಳು ಇಲ್ಲವೆಂದರೆ, ಆಮೇಲೆ ಕರೆಯಲು ನನ್ನ ಕೈಯಲ್ಲಿ ಹಬ್ಬವೇ ಉಳಿಯುವುದಿಲ್ಲ. ಅದಕ್ಕೇ ದಿನಾ ಸಂಜೆ ಫೋನ್ ಮಾಡುವುದು, ‘ಅಕ್ಕಾ, ದೀಪಾವಳಿಗೆ...’ ಎನ್ನಲು ಬಾಯಿ ತೆರೆಯುವುದು, ‘ಅಕ್ಕಾ, ಆ ನೀರು ಇನ್ನೂ ಬರ್ತಿಲ್ಲ ಕಣೇ’ ಎಂದು ಮುಗಿಸುವುದು.

ಅಕ್ಕನಿಗೆ ನೀರು ಚಿಮ್ಮಿಸುವ ವಿದ್ಯೆ ಹುಟ್ಟಿನಿಂದ ಬಂದದ್ದು. ನಾವು ಚಿಕ್ಕವರಿದ್ದಾಗ ರಾಜಾಜಿನಗರದಲ್ಲಿ ಒಂದು ವಠಾರದಲ್ಲಿದ್ದೆವು. ನನ್ನ ಯೂನಿಫಾರಮ್ಮಿಗೆ ಇಸ್ತ್ರಿ ಮಾಡುವುದು ಅಕ್ಕನ ಕೆಲಸ. ಇದ್ದಿಲಿನ ಇಸ್ತ್ರಿಪೆಟ್ಟಿಗೆ ಕಾಯುವಷ್ಟರಲ್ಲಿ ಅವಳು ಬಾಯಿತುಂಬ ನೀರು ತುಂಬಿಕೊಂಡು, ಅಂಗಿಯ ಮೇಲೆ ಬಾಗಿ, ‘ಫುರ್ರ್’ ಎಂದು ಊದುತ್ತಿದ್ದಳು. ಎಷ್ಟು ನವಿರಾದ ತುಂತುರು ಗೊತ್ತೇ! ಅಂಗಿಯ ಒಂದು ಮೂಲೆಯೂ ಒಣಗಿ ಉಳಿಯುತ್ತಿರಲಿಲ್ಲ, ಒಂದು ಕಡೆಯೂ ಒದ್ದೆ ನಿಲ್ಲುತ್ತಿರಲಿಲ್ಲ. ಬಾಯಲ್ಲಿ ನೀರಿದ್ದಷ್ಟು ಹೊತ್ತು ಅವಳಿಗೆ ಬೈಯಲಾಗುವುದಿಲ್ಲ ಎಂಬುದನ್ನು ಕಂಡುಹಿಡಿದಿದ್ದ ನಾನು, ಆ ಹೊತ್ತಿಗೆ ಕಾದಿದ್ದು ಅಡುಗೆಮನೆಯ ಬೆಲ್ಲದ ಡಬ್ಬಿಗೆ ಕೈ ಹಾಕುತ್ತಿದ್ದೆ. ಅವಳು ಕಣ್ಣು ದೊಡ್ಡದು ಮಾಡಿ, ‘ಹ್ಞೂಂ! ಹ್ಞೂಂ!’ ಎಂದು ಕೈ ಬೀಸುತ್ತಿದ್ದಳು. ಒಂದು ದಿನ ನಾನೂ ಪ್ರಯತ್ನಿಸಿದೆ. ಬಾಯಲ್ಲಿದ್ದ ನೀರೆಲ್ಲ ಒಂದೇ ಮುದ್ದೆಯಾಗಿ ಅಂಗಿಯ ಜೇಬಿನ ಮೇಲೆ ಬಿತ್ತು, ಜೊತೆಗೆ ಆಗ ತಾನೇ ತಿಂದಿದ್ದ ಚಕ್ಕುಲಿಯ ಪುಡಿ. ಆ ದಿನ ಶಾಲೆಯಲ್ಲಿ ಎಲ್ಲರೂ ನನ್ನ ಜೇಬನ್ನೇ ನೋಡುತ್ತಿದ್ದರು.

ಇರಲಿ, ಕಾರಿಗೆ ಬರೋಣ. ನಮ್ಮ ಎದುರು ಮನೆಯ ನಂಜೇಗೌಡರು ಈ ಬಡಾವಣೆ ಹೊಲವಾಗಿದ್ದಾಗಿನಿಂದ ಇಲ್ಲಿಯವರು. ಯಾರ ಮನೆಯ ಮುಂದೆ ಬಾನೆಟ್ ಎತ್ತಿದರೂ ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ನಿಲ್ಲಲೇಬೇಕು. ಬಂದರು. ಬಗ್ಗಿ ನೋಡಿದರು. “ಇಲಿ ಸಾರ್,” ಎಂದರು.

“ಎಲ್ಲಿ?” ನಾನು ಹಿಂದಕ್ಕೆ ನೆಗೆದೆ.

“ಈಗಿಲ್ಲ ಸಾರ್, ಕಚ್ಚಿ ಹೋಗದೆ. ನಮ್ ಅಳಿಯನ ಕಾರಿಂದು ವೈರ್ ಎಲ್ಲಾ ತಿಂದಾಕ್ಬಿಟ್ಟಿತ್ತು. ನಿಮ್ದು ನೀರಿನ ಟ್ಯೂಬ್ ಕಚ್ಚಿರ್ತದೆ. ಒಳಗೇ ಸೋರೋಗ್ತದೆ ನೀರು, ಮೇಲಕ್ಕೆ ಎಲ್ ಬರ್ಬೇಕು?”

ಸಂಜೆ ಅಕ್ಕನಿಗೆ ಇಲಿಯ ವಿಷಯ ತಿಳಿಸಿದೆ. “ಗೌಡ್ರಿಗೆ ಹುಲಿ ಬಂದ್ರೂ ಇಲೀನೇ ಕಾಣೋದು,” ಎಂದಳು. “ಬಾನೆಟ್ ಒಳಗಡೆ ಆ ತೂತಿನ ಕೆಳಗೆ ಟ್ಯೂಬ್ ಸಿಕ್ಕಿಸಿರ್ತಾರೆ. ಅದನ್ನ ಮೆಲ್ಲಗೆ ಕೀಳು. ಕಿತ್ತು ಕಡ್ಡಿ ಎಳೆದು ನೋಡು. ಟ್ಯೂಬಿಂದ ನೀರು ಜೋರಾಗಿ ಬಂದ್ರೆ ಮೋಟ್ರೂ ಸರಿಯಿದೆ, ಟ್ಯೂಬೂ ಸರಿಯಿದೆ. ತೂತೇ ಕಟ್ಟಿದೆ ಅಂತ ಅರ್ಥ.”

ಕೇಳಲು ಸುಲಭವಾಗಿತ್ತು. ಮರುದಿನ ಬೆಳಿಗ್ಗೆ ಟ್ಯೂಬು ಕಿತ್ತೆ. ಕಾರಿನೊಳಗೆ ಹೋಗಿ ಕೂತು ಕಡ್ಡಿ ಎಳೆದೆ. ‘ಗುರ್’ ಎಂದಿತು. ಎತ್ತಿದ ಬಾನೆಟ್ಟು ಗೋಡೆಯ ಹಾಗೆ ಅಡ್ಡ ನಿಂತಿದೆ, ಟ್ಯೂಬು ಕಾಣುವುದಿಲ್ಲ. ಕಡ್ಡಿ ಬಿಟ್ಟು ಓಡಿಬಂದು ನೋಡಿದರೆ ನೀರು ನಿಂತಿರುತ್ತದೆ. ಮತ್ತೆ ಹೋದೆ, ಎಳೆದೆ, ಓಡಿಬಂದೆ. ಕಡ್ಡಿಗೆ ದಾರ ಕಟ್ಟಿ ಕಿಟಕಿಯಿಂದ ಹೊರಗೆ ಎಳೆದುಕೊಳ್ಳಲು ನೋಡಿದೆ. ದಾರ ತುಂಡಾಯಿತು. ಫೋನನ್ನು ಬ್ಯಾಟರಿಯ ಮೇಲೆ ನಿಲ್ಲಿಸಿ ವೀಡಿಯೋ ಮಾಡಲು ನೋಡಿದೆ. ಅದು ಅಂಗಾತ ಬಿದ್ದು ಆಕಾಶವನ್ನು ಚಿತ್ರಿಸಿತು. ಕೊನೆಗೆ ಬೆವರು ಒರೆಸಿಕೊಂಡು ಗೇಟಿನ ಕಟ್ಟೆಯ ಮೇಲೆ ಕೂತೆ. ಈ ಕೆಲಸಕ್ಕೆ ಇಬ್ಬರು ಬೇಕು.

ಇಬ್ಬರು ಬೇಕಾದ ಕೆಲಸಗಳು ಮನೆಯಲ್ಲಿ ಎಷ್ಟಿವೆ ಎಂದು ನಿಮಗೆ ಗೊತ್ತಿರುವುದಿಲ್ಲ, ಇಬ್ಬರಿರುವವರೆಗೆ. ನಮ್ಮ ಮನೆಯಲ್ಲಿ ಅಕ್ಕನ ಗಂಜಿ ಹಾಕಿದ ಸೀರೆ ಮಡಿಸುವಾಗ ಆ ಕಡೆ ತುದಿ ಹಿಡಿಯುವವನು ಯಾವತ್ತೂ ನಾನೇ. ಮೂಲೆಗೆ ಮೂಲೆ ಸೇರಿಸು, ಹಿಂದಕ್ಕೆ ಹೋಗು, ಎಳೆ, ಜಗ್ಗಬೇಡ, ಹತ್ತಿರ ಬಾ. ಹಾಲಿನ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ ನಾವಿಬ್ಬರೂ ಹಿಂದೆ ಮುಂದೆ ಹೆಜ್ಜೆ ಹಾಕುತ್ತಿದ್ದೆವು. ಟೀವಿಯಲ್ಲಿ ಕ್ರಿಕೆಟ್ಟಿನ ಕೊನೆಯ ಓವರಿರುವಾಗಲೇ ಅವಳಿಗೆ ಸೀರೆ ಮಡಿಸುವ ನೆನಪಾಗುವುದು. ‘ಆಮೇಲೆ ಮಡಿಸಿದ್ರೆ ಓಡಿಹೋಗುತ್ತಾ?’ ಎಂದು ಸಿಡುಕುತ್ತಿದ್ದೆ. ಈಗ ಮನೆಯಲ್ಲಿ ಇರುವುದು ನನ್ನ ಪಂಚೆ, ನನ್ನ ಹೊದಿಕೆ. ಹೊದಿಕೆಯ ಒಂದು ತುದಿಯನ್ನು ಗದ್ದದಡಿ ಒತ್ತಿಹಿಡಿದು ಮಡಿಸುತ್ತೇನೆ. ಅದು ಯಾವತ್ತೂ ಸೊಟ್ಟವೇ. ಹೋಗಲಿ, ನೋಡುವವರು ಯಾರು?

ಹಾಗೆ ಕೂತಿದ್ದವನನ್ನು ನೋಡಿ ಗೌಡರು ಬಂದರು. “ಏನ್ ಸಾರ್, ಇಲಿ ಸಿಕ್ತಾ?”

“ಗೌಡ್ರೇ, ಒಂದ್ ಉಪಕಾರ. ಒಳಗೆ ಕೂತ್ಕೊಂಡು ಆ ಕಡ್ಡಿ ಎಳೀತೀರಾ?”

“ಅದಕ್ಕೇನ್ ಸಾರ್!” ಅವರು ಟವೆಲ್ ಹಾಸಿಕೊಂಡು ಗಂಭೀರವಾಗಿ ಕೂತರು. ನಾನು ಬಗ್ಗಿ ಟ್ಯೂಬಿನ ಹತ್ತಿರ ಮುಖವಿಟ್ಟೆ. ಗೌಡರು ಎಂಥ ಕೆಲಸವನ್ನೂ ಅರೆಮನಸ್ಸಿನಿಂದ ಮಾಡುವವರಲ್ಲ. ಎಳೆದವರು ಬಿಡಲೇ ಇಲ್ಲ. ಟ್ಯೂಬಿನಿಂದ ನೀರು ರಪ್ಪನೆ ನನ್ನ ಕನ್ನಡಕಕ್ಕೆ, ಮೂಗಿಗೆ, ಬನಿಯನ್ನಿಗೆ ಹೊಡೆಯಿತು. “ಸಾಕು! ಸಾಕು ಬಿಡಿ!” ಎಂದು ಕೂಗಿದರೆ, “ಇನ್ನೂ ಎಳೀಬೇಕಾ ಸಾರ್?” ಎನ್ನುತ್ತಾರೆ. ಇಲಿಯ ಮೇಲಿನ ಆರೋಪ ಬಿದ್ದುಹೋಯಿತು. ಕಟ್ಟಿದ್ದು ತೂತೇ. ಗೌಡರು ಇಳಿದುಬಂದು ಟವೆಲ್ಲನ್ನು ನನಗೇ ಕೊಟ್ಟು, “ಮೇಡಂ ಯಾವಾಗ್ ಬರ್ತಾರೆ ಸಾರ್? ಬೀದೀನೇ ಬಿಕೋ ಅಂತದೆ,” ಎಂದರು. “ದೀಪಾವಳಿಗೆ ಬರ್ತಾರೆ ಗೌಡ್ರೇ,” ಎಂದೆ. ಕೇಳುವ ಮೊದಲೇ ಹೇಳಿಬಿಟ್ಟಿದ್ದೆ.

ತೂತು ಕಟ್ಟುವಂಥದ್ದು ಏನಿರಬಹುದು ಎಂದು ಯೋಚಿಸುವಾಗ ನನಗೆ ಅಕ್ಕ ಕಾರು ಕಲಿಸಿದ ದಿನಗಳು ನೆನಪಾದವು. ಮದುವೆ ನಿಶ್ಚಯವಾದ ಮೇಲೆ ಅವಳಿಗೆ ಸೀರೆ ಒಡವೆಯ ಚಿಂತೆ ಇರಲಿಲ್ಲ. “ನಾನು ಹೋಗೋದ್ರೊಳಗೆ ನೀನು ಕಾರು ಕಲೀಲೇಬೇಕು,” ಎಂಬುದೊಂದೇ ಹಟ. ಬೆಳಗಾಗುತ್ತಲೇ ಜ್ಞಾನಭಾರತಿಯ ಒಳರಸ್ತೆಗಳಿಗೆ ಕರೆದುಕೊಂಡು ಹೋಗುತ್ತಿದ್ದಳು. ಈಗ ನಾನು ಬಲಗಡೆ, ಅವಳು ಎಡಗಡೆ. ವಾಕಿಂಗ್ ಬಂದ ಪ್ರೊಫೆಸರುಗಳು ನಮ್ಮ ಕಾರು ಕಂಡರೆ ಮಾತು ನಿಲ್ಲಿಸಿ ಹುಲ್ಲಿಗೆ ಇಳಿಯುತ್ತಿದ್ದರು. ಒಂದು ನವಿಲು ರಸ್ತೆಯ ನಡುವೆ ನಿಂತು ನನ್ನನ್ನು ನೋಡಿತು, ನಾನು ಅದನ್ನು ನೋಡಿದೆ, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಮರೆತೇಹೋಯಿತು. ಅಕ್ಕ ಇಲ್ಲದ ಬ್ರೇಕನ್ನು ಎಡಗಡೆಯಲ್ಲಿ ತುಳಿಯುತ್ತ, “ನಿಲ್ಸೋ! ನಿಲ್ಸೋ! ಶಿವಶಿವಾ!” ಎಂದು ಕಿರುಚಿದಳು. ನವಿಲು ತಾನೇ ಬುದ್ಧಿವಂತಿಕೆಯಿಂದ ಹಾರಿಹೋಯಿತು. ಗೇರು, ರಿವರ್ಸು, ಇಳಿಜಾರಿನಲ್ಲಿ ನಿಲ್ಲಿಸುವುದು, ಟೈರಿನ ಗಾಳಿ ಎಲ್ಲ ಹೇಳಿಕೊಟ್ಟಳು. ತಾನು ಯಾರಿಗೂ ಹೇಳದೆ ಮಾಡುತ್ತಿದ್ದ ಕೆಲಸಗಳನ್ನು ಹೇಳಿಕೊಡುವುದು ಅವಳಿಗೂ ತೋಚಿರಲಿಲ್ಲ.

ಶನಿವಾರ ಒಂದು ಗುಂಡುಸೂಜಿ, ಒಂದು ಚೊಂಬು ಬಿಸಿನೀರು ಹಿಡಿದು ಕೂತೆ. ಸೂಜಿಯನ್ನು ತೂತಿಗೆ ತಾಗಿಸಿದೆ. ಬೆಳ್ಳಗೆ ಪುಡಿ ಉದುರಿತು. ಇನ್ನಷ್ಟು ಕೆದಕಿದೆ. ಬೂದುಬಣ್ಣದ, ಗಟ್ಟಿಯಾದ, ಸಣ್ಣ ಕಡ್ಡಿಯಂಥದ್ದು ಹೊರಗೆ ಬಂತು. ಮೂಸಿ ನೋಡಿದೆ. ಗಂಧದ ವಾಸನೆ. ಬೆರಳಲ್ಲಿ ತಿಕ್ಕಿದೆ. ವಿಭೂತಿ!

ಆಯುಧಪೂಜೆ ನೆನಪಾಯಿತು. ಪ್ರತಿವರ್ಷ ಆ ದಿನ ಅಕ್ಕ ಕಾರು ತೊಳೆದು, ಬಾನೆಟ್ಟಿಗೆ ವಿಭೂತಿಯ ಮೂರು ಪಟ್ಟೆ ಎಳೆದು, ಚಕ್ರಕ್ಕೆ, ಬಾಗಿಲಿನ ಹಿಡಿಗೆ, ಕನ್ನಡಿಗೆ, ಆ ಎರಡು ಗುಬುಟುಗಳಿಗೂ ಗಂಧ ವಿಭೂತಿ ಇಡುತ್ತಿದ್ದಳು. ‘ಅವು ಕಾರಿನ ಕಣ್ಣು ಕಣೋ, ಅವಕ್ಕೆ ಬಿಡಬಾರದು’ ಎನ್ನುತ್ತಿದ್ದಳು. ಈ ವರ್ಷ ಒಬ್ಬನೇ ಮಾಡಿದೆ. ಅಕ್ಕನಿಲ್ಲದೆ ಪೂಜೆಯಲ್ಲಿ ಏನೂ ಕಡಿಮೆಯಾಗಬಾರದೆಂಬ ಹಟ. ವಿಭೂತಿಯನ್ನೂ ಗಂಧವನ್ನೂ ನೀರಿನಲ್ಲಿ ಬಜ್ಜಿ ಹಿಟ್ಟಿನ ಹದಕ್ಕೆ ಕಲಸಿ, ಕಣ್ಣುಗಳಿಗೆ ಭಕ್ತಿಯಿಂದ ತುಂಬಿದೆ. ತುಂಬಿದ್ದು ಒಣಗಿದರೆ ಉದುರೀತೆಂದು ಮೇಲೆ ಇನ್ನೊಂದು ಕೋಟು ಬಳಿದೆ. ನಮ್ಮಂಥವರು ಬಿಟ್ಟರೆ ಈ ಭೂಮಿಯ ಮೇಲೆ ಇನ್ನಾರು ಕಾರಿಗೆ ಕಾಡಿಗೆ ಹಚ್ಚುವ ಉತ್ಸಾಹದಲ್ಲಿ ಅದರ ಕಣ್ಣೇ ಮುಚ್ಚಿಯಾರು! ಗೇಟಿನ ಹತ್ತಿರ ಒಬ್ಬನೇ ಕೂತು ನಕ್ಕೆ. ನಕ್ಕದ್ದು ಕೇಳಿ ಗೌಡರ ಮನೆಯ ನಾಯಿ ಎದ್ದು ನಿಂತು ನನ್ನನ್ನು ನೋಡಿತು.

ಬಿಸಿನೀರಿನ ಬಟ್ಟೆಯನ್ನು ತೂತುಗಳ ಮೇಲೆ ಹಾಕಿ ನೆನೆಸಿದೆ. ಒಳಗಿನಿಂದ ಊದಿದರೆ ಉಳಿದದ್ದು ಹೊರಗೆ ಬರುತ್ತದೆಂದು, ಗುಬುಟಿನ ಕೆಳಗೆ ಒಂದು ತುಂಡು ಟ್ಯೂಬು ಸಿಕ್ಕಿಸಿ ಬಾಯಲ್ಲಿಟ್ಟುಕೊಂಡೆ. ಊದುವ ಬದಲು ಮೊದಲು ಉಸಿರೆಳೆದುಕೊಂಡೆ. ಬಾಯಿತುಂಬ ವಿಭೂತಿ. ಉಗುಳಲು ಮನಸ್ಸು ಬರಲಿಲ್ಲ, ನುಂಗಿ ಶಿವನ ಪ್ರಸಾದವೆಂದುಕೊಂಡೆ. ಆಮೇಲೆ ಸರಿಯಾಗಿ ಊದಿದೆ. ಟ್ಯೂಬನ್ನು ಮೊದಲಿನಂತೆ ಕೂರಿಸಿ, ಬಾನೆಟ್ ಮುಚ್ಚಿ, ಒಳಗೆ ಹೋಗಿ ಕೂತು ಕಡ್ಡಿ ಎಳೆದೆ.

ನೀರು ಚಿಮ್ಮಿತು! ಎಡಗಡೆಯದು ಗಾಜಿನ ನಡುವಿಗೆ ಸರಿಯಾಗಿ ಬಿತ್ತು. ಬಲಗಡೆಯದರ ಬಾಯಿ ನಾನು ಕೆದಕಿದ್ದರಲ್ಲಿ ಮೇಲಕ್ಕೆ ತಿರುಗಿಕೊಂಡಿತ್ತೆಂದು ಕಾಣುತ್ತದೆ, ಅದು ಕಾರಿನ ತಲೆಯ ಮೇಲಿಂದ ಹಾರಿ ಹಿಂದೆ ಪೇಪರ್ ಓದುತ್ತ ನಿಂತಿದ್ದ ಗೌಡರ ಮೇಲೆ ಬಿತ್ತು. ಸೂಜಿಯಲ್ಲಿ ಅದನ್ನೂ ಸ್ವಲ್ಪ ಬಗ್ಗಿಸಿದೆ. ಎರಡೂ ಗಾಜಿನ ಮೇಲೆ ಬೀಸಣಿಗೆಯ ಹಾಗೆ ಬಿಚ್ಚಿಕೊಂಡವು. ವೈಪರು ಒಂದು ಸಲ ಆಡಿತು. ಹೊರಗಿನ ಹೊಂಗೆಮರ ಎಲೆ ಎಲೆಯಾಗಿ ಕಂಡಿತು.

“ಅಕ್ಕಾ, ಬಂತು ನೋಡೇ!” ಎಂದೆ, ಗಟ್ಟಿಯಾಗಿ, ಎಡಗಡೆಗೆ ತಿರುಗಿ.

ಎಡಗಡೆ ಸೀಟಿನಲ್ಲಿ ಯಾರೂ ಇರಲಿಲ್ಲ. ನನಗೆ ಆಗ ಅಳು ಬಂತು. ಯಾಕೆ ಮುಚ್ಚಿಡಲಿ, ಕಾರಿನ ಗಾಜೇರಿಸಿಕೊಂಡು ಅತ್ತೆ. ಅಕ್ಕ ಹೋದ ದಿನವೂ ಅತ್ತಿರಲಿಲ್ಲ. ಅಳುತ್ತಲೇ ಹೊಳೆಯಿತು, ಇನ್ನು ಫೋನ್ ಮಾಡಲು ನೆವವಿಲ್ಲ. ಇನ್ನು ಕೇಳಬೇಕಾದ್ದನ್ನೇ ಕೇಳಬೇಕು.

ಭಾನುವಾರ ಸಂಜೆ ಫೋನ್ ಮಾಡಿದೆ. ಭಾವ ಎತ್ತಿದರು. “ಆರಾಮದೀರೇನ್ರಿ ಶಿವಾನಂದ ಅವ್ರ? ನೀರು ಬಂತೇನ್ರಿ?” ಆ ಮನೆಯಲ್ಲಿ ಹಿರಿಕಿರಿಯರೆಲ್ಲರಿಗೂ ನನ್ನ ಕಾರಿನ ಕಾಯಿಲೆ ಗೊತ್ತಿತ್ತು. ‘ಇಲ್ಲ’ ಎನ್ನಬಹುದಾಗಿತ್ತು. ಇನ್ನೊಂದು ವಾರ ನಡೆಯುತ್ತಿತ್ತು. “ಬಂತು ಭಾವಾ,” ಎಂದುಬಿಟ್ಟೆ.

“ಭಾಳ ಚಲೋ ಆತು. ತಡೀರಿ, ನಿಮ್ಮಕ್ಕಾರಿಗೆ ಕೊಡ್ತೀನಿ. ನಿಮ್ಮ ಫೋನ್ ಬರೂ ಹೊತ್ತಿಗೆ ಗಡಿಯಾರ ನೋಡ್ಕೋತ ಕುಂತಿರ್ತಾರ.”

ಅಕ್ಕನಿಗೆ ವಿಭೂತಿಯ ಕಥೆ ಹೇಳಿದೆ. ಅವಳು ನಕ್ಕ ನಗು ಇಡೀ ಬಸವೇಶ್ವರನಗರಕ್ಕೆ ಕೇಳಿಸಿರಬೇಕು. “ಅಯ್ಯೋ ಪೆದ್ದೇ! ನಾನು ಬೆರಳ ತುದೀಲಿ ಮುಟ್ಟಿಸಿದ ಹಾಗೆ ಮಾಡಿ, ಮಾರನೇ ದಿನ ನೀನು ಏಳೋದ್ರೊಳಗೆ ಒರೆಸಿ, ಸೆರಗಿನ ಪಿನ್ನಲ್ಲಿ ತೂತು ಬಿಡಿಸ್ತಿದ್ದೆ ಕಣೋ. ಪ್ರತಿವರ್ಷ!”

“ನನಗೆ ಹೇಳ್ಲೇ ಇಲ್ಲ.”

“ಅದನ್ನೇನ್ ಹೇಳೋದು?”

“ಮತ್ತೆ?” ಎಂದಳು. ಫೋನ್ ಇಡುವ ಮುಂಚೆ ಅವಳು ಹಾಗೆನ್ನುವುದು ರೂಢಿ. ನಾನು ಕಣ್ಣು ಮುಚ್ಚಿಕೊಂಡು ಹೇಳಿದೆ.

“ಅಕ್ಕಾ, ದೀಪಾವಳಿಗೆ ನೀನೂ ಭಾವನೂ ಬನ್ನಿ. ಮೊದಲನೇ ದೀಪಾವಳಿ. ನಾನೇ ಬಂದು ಕರ್ಕೊಂಡ್ ಬರ್ತೀನಿ. ಇಲ್ಲ ಅನ್ಬೇಡ. ಒಬ್ಬನೇ ಇರೋಕಾಗ್ತಿಲ್ಲ ಕಣೇ. ಮನೆ ಕಚ್ಚೋಕೆ ಬರುತ್ತೆ.”

ಅವಳ ಚಪ್ಪಲಿಯ ಸದ್ದು ಕೇಳಿಸಿತು, ಒಂದು ಬಾಗಿಲು ತೆರೆದು ಮುಚ್ಚಿದ್ದು ಕೇಳಿಸಿತು. ಹಿಂದೆ ಕೇಳುತ್ತಿದ್ದ ಮಕ್ಕಳ ಗಲಾಟೆ ನಿಂತಿತು. ಹಿತ್ತಲಿಗೆ ಹೋಗಿದ್ದಳೆಂದು ಕಾಣುತ್ತದೆ.

“ಶಿವು, ಇವರೆಲ್ಲಾ ತುಂಬಾ ಒಳ್ಳೇವ್ರು ಕಣೋ. ನಿಮ್ಮ ಭಾವ ಒಂದು ಮಾತು ಎತ್ತಿ ಆಡಿದವರಲ್ಲ. ಮೊಮ್ಮಕ್ಕಳು ಅಜ್ಜೀ ಅಜ್ಜೀ ಅಂತ ಹಿಂದೇನೇ ಇರ್ತಾವೆ. ನನಗಿಲ್ಲಿ ಏನೂ ಕಷ್ಟ ಇಲ್ಲ.”

“ಗೊತ್ತು. ಅದಕ್ಕೇ ಎರಡು ದಿನ ಬಂದು ಹೋಗು ಅಂತಿರೋದು.”

“ಬಂದ್ರೆ ನಾನು ವಾಪಸ್ ಹೋಗಲ್ಲ ಕಣೋ.” “ಆ ಮನೆಯೊಳಗೆ ಒಂದ್ಸಲ ಕಾಲಿಟ್ರೆ ಮುಗೀತು, ನನಗೆ ಗೊತ್ತು. ಪಂಚಮಿಗೂ ಅದಕ್ಕೇ ಬರಲಿಲ್ಲ. ಮಂಡಿ ನೋವು ಅಂದಿದ್ದೂ ಸುಳ್ಳು. ಬೆಳಗ್ಗೆ ಎದ್ದು ಈಗಲೂ ಎರಡೇ ಲೋಟ ಕಾಫಿಗೆ ನೀರಿಡ್ತೀನಿ, ಇಲ್ಲಿ ಇರೋರು ಎಷ್ಟು ಜನ! ಈ ವಯಸ್ಸಲ್ಲಿ ನಂಬ್ಕೊಂಡು ಕೈ ಹಿಡಿದಿದಾರೆ ಆ ಮನುಷ್ಯ. ಇನ್ನೊಂದು ವರ್ಷ ಕಳೀಲಿ, ಈ ಮನೆ ಸ್ವಲ್ಪ ನನ್ನದು ಅನ್ನಿಸ್ಲಿ ಅಂತ ಕಾಯ್ತಿದೀನಿ.” ಆಮೇಲೆ ಚಿಕ್ಕ ಹುಡುಗಿಯ ಹಾಗೆ ಕೇಳಿದಳು. “ಈಗ ನೀನೇ ಹೇಳು. ಬರ್ಲಾ?”

ಒಂದು ಮಾತು ಸಾಕಾಗಿತ್ತು. ‘ಬಾ’ ಎಂದಿದ್ದರೆ ಆ ಕ್ಷಣವೇ ಚೀಲ ತುಂಬಿಕೊಳ್ಳಲು ಒಳಗೆ ಹೋಗುತ್ತಿದ್ದಳು, ಅವಳನ್ನು ನಾನು ಬಲ್ಲೆ. ಬೆಳಗಾಗುವುದರೊಳಗೆ ಹಾವೇರಿಯಲ್ಲಿರುತ್ತಿದ್ದೆ.

“ಬೇಡ ಅಕ್ಕ,” ಎಂದೆ. “ಈ ವರ್ಷ ಅಲ್ಲೇ ಹಬ್ಬ ಮಾಡು.”

“ಹ್ಞೂಂ,” ಎಂದಳು.

ಇಬ್ಬರೂ ಬಹಳ ಹೊತ್ತು ಫೋನ್ ಇಡಲಿಲ್ಲ.